ಒದ್ದೆ ಚೀಲದ ಅಪೀಲು

ನನ್ನ ಕಚೇರಿಯ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಫೈಲ್ ಇದೆ. ಅದನ್ನು ಹೊರಗೆ ತೆಗೆದರೆ ಬೆಕ್ಕು ಬರುತ್ತದೆ.

ಅಂಕೋಲೆಯ ಕೋರ್ಟಿನ ಹತ್ತಿರ, ಒಂದು ಟೈಲರ್ ಅಂಗಡಿಗೆ ತಾಗಿಕೊಂಡಿರುವ ಸಣ್ಣ ಕೋಣೆಯೇ ನನ್ನ ಕಚೇರಿ. ಬೆಕ್ಕು ಟೈಲರನದು. ಉಳಿದ ದಿನಗಳಲ್ಲಿ ನನ್ನ ಕಡೆ ತಿರುಗಿಯೂ ನೋಡದ ಗರ್ವಿಷ್ಠ ಪ್ರಾಣಿ. ಹೋದ ವಾರ, ಮಳೆ ಹಿಡಿಯುವ ಮೊದಲು ಹಳೆಯ ಕಾಗದಗಳಿಗೆ ಒಂದಿಷ್ಟು ಬಿಸಿಲು ಕಾಣಿಸೋಣವೆಂದು ಕಪಾಟು ಖಾಲಿ ಮಾಡುತ್ತಿದ್ದೆ. ಆ ಫೈಲಿನ ದಾರ ಬಿಚ್ಚಿದ್ದಷ್ಟೇ, ಬೆಕ್ಕು ಹೊಸ್ತಿಲ ಮೇಲೆ ಹಾಜರ್. ನೇರ ಬಂದು ಸಾಕ್ಷಿ ಹೇಳಿಕೆಯ ಹಾಳೆಗಳನ್ನು ಮೂಸಿತು, ನೆಕ್ಕಿತು, ಕೊನೆಗೆ ನನ್ನ ಮುಖ ನೋಡಿ ಮಿಯಾಂವ್ ಎಂದಿತು. ನಾನೂ ಬಗ್ಗಿ ಮೂಸಿದೆ. ಒಣ ಸೀಗಡಿ, ಒಲೆಯ ಹೊಗೆ, ನೆನೆದು ಒಣಗಿದ ಕಾಗದ. ಇಷ್ಟು ವರ್ಷವಾದರೂ ವಾಸನೆ ಜಾಗ ಬಿಟ್ಟಿಲ್ಲ. ಒಬ್ಬಳೇ ಕೂತು ನಗತೊಡಗಿದೆ. ಟೈಲರ್ ಹೊಲಿಗೆ ನಿಲ್ಲಿಸಿ ಇಣುಕಿ ನೋಡಿದ.

ಈ ಫೈಲ್ ನೆನೆದ ಮಳೆಗಾಲದಲ್ಲಿ ನಾನು ಕಾರವಾರದ ಹೆಗಡೆ ವಕೀಲರ ಕೈಕೆಳಗೆ ಜೂನಿಯರ್. ಕರಿ ಕೋಟು ಹಾಕಿ ಒಂದು ವರ್ಷವಾಗಿತ್ತು. ಬೆಳಿಗ್ಗೆ ಅಗಸೂರಿನ ಮನೆಯಿಂದ ಬಸ್ಸು ಹಿಡಿದು ಅಂಕೋಲೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕಾರವಾರ. ಇಷ್ಟೆಲ್ಲ ಪಡಿಪಾಟಲು ಪಟ್ಟು ಹೋಗಿ ನಾನು ಮಾಡುತ್ತಿದ್ದ ಕೆಲಸವೆಂದರೆ ಮುಂದಿನ ತಾರೀಖು ಕೇಳುವುದು. ಆ ಒಂದು ವಾಕ್ಯ ಬಿಟ್ಟರೆ ನ್ಯಾಯಾಧೀಶರ ಎದುರು ನನ್ನ ಬಾಯಿಂದ ಬೇರೆ ಮಾತು ಹೊರಟಿರಲಿಲ್ಲ. ಸಂಜೆ ಮನೆಗೆ ಬಂದರೆ ಅಪ್ಪ ಗದ್ದೆಯ ಬದುವಿನ ಮೇಲೇ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದ.

"ಇವತ್ತರೂ ವಾದ ಮಾಡ್ದ್ಯೇನೆ?"

"ಇಲ್ಲ."

"ಮನೇಲಿ ಮಾಡ್ದಷ್ಟು ಅಲ್ಲಿ ಮಾಡಿದ್ರೆ ಇಷ್ಟೊತ್ತಿಗೆ ನೀನೇ ಜಡ್ಜ್ ಆಗ್ತಿದ್ದೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪನಿಗೆ ಅದು ಗೊತ್ತಿದ್ದೇ ಕೇಳುತ್ತಿದ್ದ.

ಹೆಗಡೆಯವರ ಕಚೇರಿಗೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದವಳು ಗುಲಾಬಿ. ದೇವಬಾಗದವಳು, ಕಾರವಾರದಲ್ಲಿ ಮೀನು ಮಾರುವವಳು, ಮೂವತ್ತೈದರ ಆಸುಪಾಸು. ಹೆಗಡೆಯವರು ಮೀನು ತಿನ್ನದ ಜನ ಎಂಬ ಮರ್ಯಾದೆಗೆ ಬುಟ್ಟಿಯನ್ನು ಗೇಟಿನ ಹೊರಗಿಟ್ಟು, ಕಾಗೆ ಬಾರದಂತೆ ಅದರ ಮೇಲೊಂದು ಕಲ್ಲು ಹೇರಿ, ಅಂಗಳದಿಂದಲೇ ಕೂಗುತ್ತಿದ್ದಳು: "ವಕೀಲ್ರೇ, ನಮ್ಮವಂದು ಎಂತಾ ಆಯ್ತು?" ನಮ್ಮ ಕಡೆ ಶಾಲೆಯ ಮೇಡಮ್ಮಿಗೆ ಅಕ್ಕೋರು ಎನ್ನುವ ರೂಢಿ. ನನಗೂ ಅವಳು ಅದೇ ಹೆಸರು ಇಟ್ಟಿದ್ದಳು, ವಕೀಲ ಅಕ್ಕೋರು ಎಂದು.

ಅವಳು ಕೇಳುತ್ತಿದ್ದುದು ಗಂಡ ರೋಹಿದಾಸನ ಅಪೀಲಿನ ವಿಷಯ. ಅವನು ಚಳಿಗಾಲದಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಡಾಲ್ಫಿನ್ ತೋರಿಸುವವನು, ಉಳಿದಂತೆ ಮೀನುಗಾರ. ಮಳೆಗಾಲದಲ್ಲಿ ಎರಡೂ ಕೆಲಸ ಬಂದ್. ಅಂಥ ಒಂದು ಮಳೆಯ ದಿನ, ಹಿಂದೊಮ್ಮೆ ದೋಣಿ ಹತ್ತಿದ್ದ ಗಿರಾಕಿಯೊಬ್ಬ ಬಂದು ಕ್ಯಾನ್ವಾಸ್ ಚೀಲವೊಂದನ್ನು ಕೊಟ್ಟು, ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನಿಗೆ ಮುಟ್ಟಿಸು ಎಂದ. ಆ ಕೆಲಸಕ್ಕೆ ಬಹುಮಾನ ಒಂದು ಹೊಸ ರೇನ್‌ಕೋಟು. ರೋಹಿದಾಸ ರೇನ್‌ಕೋಟನ್ನು ತಾನು ಹಾಕಿಕೊಂಡ, ಚೀಲವನ್ನು ಮಳೆಯಲ್ಲೇ ಹಿಡಿದುಕೊಂಡು ಹೋದ. ಬಸ್ ಸ್ಟ್ಯಾಂಡಿನಲ್ಲಿ ಅವನಿಗಾಗಿ ಪೊಲೀಸರು ಕಾದಿದ್ದರು. ಚೀಲದೊಳಗಿದ್ದುದು ಗಾಂಜಾ. ತೂಗಿದರು, ಒಂದು ಕಿಲೋ ನೂರ ಎಂಬತ್ತು ಗ್ರಾಂ ಬಂತು.

ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು. ಗಾಂಜಾ ಒಂದು ಕಿಲೋದ ಒಳಗಿದ್ದರೆ ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ. ಒಂದು ಕಿಲೋ ದಾಟಿತೋ, ಹತ್ತು ವರ್ಷದವರೆಗೂ ಹೋಗಬಹುದು. ರೋಹಿದಾಸನದು ದಾಟಿತ್ತು. ಮೊದಲು ಅವನ ಕಡೆ ನಿಂತಿದ್ದ ಬೇರೊಬ್ಬ ವಕೀಲರು ಆ ಚೀಲವೇ ಇವನದಲ್ಲ ಎಂದು ವಾದ ಮಾಡಿದ್ದರು. ಅದನ್ನು ಯಾರೂ ನಂಬಲಿಲ್ಲ. ಶಿಕ್ಷೆಯನ್ನಾದರೂ ಕಡಿಮೆ ಮಾಡಿ ಎಂಬ ಬೇಡಿಕೆಯನ್ನು ಕಾರವಾರದ ಕೋರ್ಟು ಒಪ್ಪದೆ ನಾಲ್ಕು ವರ್ಷ ಕೊಟ್ಟಿತು. ಅದರ ಮೇಲೆ ಹೆಗಡೆಯವರು ಧಾರವಾಡದ ಹೈಕೋರ್ಟಿಗೆ ಅಪೀಲು ಹಾಕಿದ್ದರು. ಜಾಮೀನಿಗೆ ಮೊದಲು ಎರಡು ತಿಂಗಳು, ತೀರ್ಪಿನ ನಂತರ ಹತ್ತು ತಿಂಗಳು, ಹೀಗೆ ಆ ಜುಲೈ ಮುಗಿಯುವಷ್ಟರಲ್ಲಿ ಅವನು ಹತ್ತಿರ ಹತ್ತಿರ ಒಂದು ವರ್ಷ ಒಳಗಿದ್ದಂತಾಗುತ್ತಿತ್ತು. ಅಪೀಲು ಗೆದ್ದರೆ ಮನೆಗೆ, ಸೋತರೆ ಇನ್ನೂ ಮೂರು ವರ್ಷ. ಗುಲಾಬಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ತಿಳಿದಿತ್ತು.

ಅವಳ ಒಂದು ಮಾತು ನನಗೆ ಬಹಳ ಹಿಡಿಸಿತ್ತು. "ಅವ ತಪ್ಪು ಮಾಡ್ದಂವ ಹೌದು ಅಕ್ಕೋರೇ. ಬಿಟ್ ಬಿಡಿ ಅಂದೇಳಿ ನಾ ಹೇಳೂದಿಲ್ಲ. ಒಂದ್ ವರ್ಷ ಅವಗೆ ಆಗ್ಬೇಕಾದ್ದೇಯಾ. ಆದ್ರೆ ನಾಕು ಹೆಚ್ಚಾಯ್ತು. ಸಮಾ ತೂಗಿ ಕೊಡಿ ಹೇಳಿ ಅವ್ರಿಗೆ." ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರಲ್ಲ, ಆ ಹೊತ್ತಿಗೆ ಅವನು ದಂಡೆಯ ಮೇಲಿರಬೇಕು ಎಂಬುದಷ್ಟೇ ಅವಳ ಆಸೆ.

ಜುಲೈಯ ಎರಡನೆಯ ವಾರ ಧಾರವಾಡದಿಂದ ತಾರೀಖು ಬಂತು. ಅದೇ ವಾರ ಹೆಗಡೆಯವರು ತಮ್ಮ ಮನೆಯ ಬಾವಿಕಟ್ಟೆಯ ಪಾಚಿಯ ಮೇಲೆ ಕಾಲಿಟ್ಟು ಜಾರಿದರು. ನಾನು ನೋಡಲು ಹೋದಾಗ ಕಾಲಿಗೆ ಸುಣ್ಣ ಬಳಿದಂಥ ಪ್ಲಾಸ್ಟರು, ಕೈಯಲ್ಲಿ ಚಹಾ.

"ತಂಗೀ, ನೀನೇ ಹೋಗ್ಬೇಕು ಧಾರವಾಡಕ್ಕೆ."

"ನಾನಾ? ಮುಂದಿನ ತಾರೀಖು ಕೇಳ್ಬೇಕಾ?"

"ವಾದ ಮಾಡೂಕೆ. ತಾರೀಖು ಕೇಳಿದ್ರೆ ಆ ಗುಲಾಬಿ ಬುಟ್ಟಿ ತಂದು ನನ್ನ ಮಂಚದ ಮೇಲೇ ಇಡ್ತು."

ನನಗೆ ಸಂತೋಷವೂ ಆಯಿತು, ಭಯವೂ ಆಯಿತು. ಮರುದಿನವೇ ಫೈಲನ್ನು ಎದೆಗವಚಿಕೊಂಡು ದೇವಬಾಗದ ಬಸ್ಸು ಹತ್ತಿದೆ. ಗುಲಾಬಿಯ ಸಹಿ ಒಂದು ಬೇಕಿತ್ತು, ಮೀನು ಬಂದ್ ಆದ್ದರಿಂದ ಅವಳು ಪೇಟೆಗೆ ಬರುತ್ತಿರಲಿಲ್ಲ. ಕಾಳಿ ಸೇತುವೆ ದಾಟುವಾಗ ಹೊಳೆ ಯಾವುದು ಸಮುದ್ರ ಯಾವುದು ತಿಳಿಯದಷ್ಟು ಕೆಂಪು ನೀರು. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟಿರಬೇಕು, ಗಾಳಿ ಬಂದು ಕೊಡೆಯನ್ನು ತಿರುಗಿಸಿ ಹಾಕಿತು. ಕೊಡೆ ಹಿಡಿಯಲು ಹೋದೆ, ಫೈಲ್ ಜಾರಿ ರಸ್ತೆ ಬದಿಯ ಗಟಾರಕ್ಕೆ ಬಿತ್ತು. ನಾನೂ ಅದರ ಹಿಂದೆಯೇ ಇಳಿದೆ. ಗುಲಾಬಿಯ ಮನೆ ಬಾಗಿಲಿಗೆ ಮುಟ್ಟಿದಾಗ ನನ್ನ ತಲೆಯಿಂದಲೂ ಫೈಲಿನಿಂದಲೂ ಸಮನಾಗಿ ನೀರಿಳಿಯುತ್ತಿತ್ತು. ಅಳು ಬಂತು. ಅವಳ ಎದುರು ಅತ್ತೂ ಬಿಟ್ಟೆ.

"ಅರೇ ದೇವಾ, ಕಾಗದ ಅಲ್ದಾ? ಒಣಗ್ತದೆ. ಮೀನೇ ಒಣಗ್ತದಂತೆ, ಕಾಗದ ಒಣಗೂದಿಲ್ವಾ?" ಎಂದಳು.

ಮಳೆಗಾಲದಲ್ಲಿ ಅವರ ಮನೆಯಲ್ಲಿ ಬಟ್ಟೆ, ಮೀನು ಎಲ್ಲವೂ ಒಣಗುವುದು ಒಂದೇ ಕಡೆ. ಒಲೆಯ ಮೇಲೆ ಹಗ್ಗದಿಂದ ತೂಗುಹಾಕಿದ ಬಿದಿರಿನ ತಟ್ಟಿ. ಅದರಲ್ಲಿ ಒಣ ಸೀಗಡಿ, ಅವರ ಮಾತಿನಲ್ಲಿ ಶೆಟ್ಲಿ, ಹರಡಿತ್ತು, ಹಸಿ ಹಿಡಿಯಬಾರದೆಂದು. ಅವಳು ಸೀಗಡಿಯನ್ನು ಒಂದು ಬದಿಗೆ ಸರಿಸಿ, ಕರ್ನಾಟಕ ಸರ್ಕಾರದ ವಿರುದ್ಧ ರೋಹಿದಾಸನ ಕೇಸನ್ನು ಒಂದೊಂದೇ ಹಾಳೆಯಾಗಿ ಬಿಡಿಸಿ ಅದರ ಮೇಲೆ ಹರಡಿದಳು. ನನಗೊಂದು ಒಣ ಸೀರೆ ಕೊಟ್ಟು, ಚಹಾ ಕೊಟ್ಟು, ತಾನು ಗೆರಸಿಯಲ್ಲಿ, ಅಂದರೆ ಮೊರದಲ್ಲಿ, ಸೀಗಡಿ ಹಾಕಿಕೊಂಡು ಮರಳು ಕೇರುತ್ತ ಕೂತಳು.

"ಹೇಂಗೂ ಒಣಗೂಕೆ ಹೊತ್ತಾಗ್ತದೆ. ಓದಿ ಹೇಳಿ ಅಕ್ಕೋರೇ, ಯಾರ್ ಯಾರು ಎಂತಾ ಹೇಳಿದ್ರು ಅಂದೇಳಿ. ಕೋರ್ಟಲ್ಲಿ ನಂಗೆ ಒಂದೂ ಕೇಳೂದಿಲ್ಲಾಗಿತ್ತು, ಫ್ಯಾನಿನ ಸದ್ದೇ ದೊಡ್ಡದು."

ಹಾಗೆ ಒಣಗಿದ ಹಾಳೆ ತೆಗೆದು ತೆಗೆದು ಓದುತ್ತ ಹೋದೆ. ಪೊಲೀಸರ ಹೇಳಿಕೆಗೆ ಅವಳು ಮೂಗು ಮುರಿದಳು. ಬಸ್ ಸ್ಟ್ಯಾಂಡಿನ ಚಹಾದವನ ಹೇಳಿಕೆಗೆ ನಕ್ಕಳು. ಆಮೇಲೆ ಬಂದದ್ದು ತೂಕ ಮಾಡಿದ ಸಾಕ್ಷಿಯ ಹೇಳಿಕೆ, ಪಾಂಡುಶೇಟನದು. ಬಸ್ ಸ್ಟ್ಯಾಂಡಿನ ಹತ್ತಿರವೇ ಅವನ ಒಣಮೀನಿನ ಅಂಗಡಿ. ಪೊಲೀಸರು ತಕ್ಕಡಿ ಬೇಕೆಂದು ಅವನನ್ನೇ ಕರೆಸಿದ್ದರು. ಗುಲಾಬಿ ಒಣಗಿಸಿದ ಮೀನನ್ನೆಲ್ಲ ವರ್ಷಗಳಿಂದ ಕೊಂಡುಕೊಳ್ಳುವವನೂ ಅವನೇ.

"'ಪೊಲೀಸರು ಕರೆದ ಮೇರೆಗೆ ನಾನು ನನ್ನ ತಕ್ಕಡಿ ತೆಗೆದುಕೊಂಡು ಹೋದೆನು. ಚೀಲವನ್ನು ತಕ್ಕಡಿಯ ಮೇಲೆ ಇಟ್ಟು ತೂಗಿದೆನು. ಒಂದು ಕಿಲೋ ನೂರ ಎಂಬತ್ತು ಗ್ರಾಂ ಎಂದು ಕೂಗಿ ಹೇಳಿದೆನು. ಪೊಲೀಸರು ಬರೆದುಕೊಂಡರು. ನಾನು ಸಹಿ ಹಾಕಿದೆನು.'"

ಗೆರಸಿ ನಿಂತಿತು. "ಮುಂದೆ?"

"ಮುಂದೆ ಎಂತದೂ ಇಲ್ಲ. ಅಷ್ಟೇ."

"ಕಳೀಲಿಲ್ವಾ?"

"ಎಂತಾ ಕಳೆಯೂದು?"

ಅವಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣೆದುರಿಗಿದೆ. ಕಾಲೇಜು ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂಥ ಕನಿಕರ. ಆಮೇಲೆ ಬಿಡಿಸಿ ಹೇಳಿದಳು. ಒಣಮೀನಿನ ವ್ಯಾಪಾರದಲ್ಲಿ ಮಾಲನ್ನು ಬುಟ್ಟಿ ಸಮೇತವೇ ತಕ್ಕಡಿಗೆ ಇಡುತ್ತಾರೆ. ಬಂದ ತೂಕವನ್ನು ಪಾಂಡುಶೇಟ ಮೊದಲು ಗಟ್ಟಿಯಾಗಿ ಕೂಗುತ್ತಾನೆ, ಮಾರುವವಳಿಗೂ ಸುತ್ತಲಿದ್ದವರಿಗೂ ಕೇಳಲಿ ಎಂದು. ಅದು ಸುರುವಿನ ತೂಕ. ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಆಮೇಲೆ ಬುಟ್ಟಿಗೆ ಇಷ್ಟು ಕಳೆ, ಹಸಿಗೆ ಇಷ್ಟು ಕಳೆ ಎಂದು ಅವನು ಹಿಡಿಯುತ್ತಾನೆ, ಅಷ್ಟು ಆಗೂದಿಲ್ಲ ಎಂದು ಇವರು ಜಗಳ ತೆಗೆಯುತ್ತಾರೆ. ಜಗಳ ಮುಗಿದ ಮೇಲೆ ಉಳಿಯುವುದೇ ನಿಜವಾದ ತೂಕ. ಕಾರವಾರದ ಪೇಟೆಯಲ್ಲಿ ಇದು ಬಸ್ಸಿಗೆ ಟಿಕೆಟು ತೆಗೆಯುವಷ್ಟು ಸಾಮಾನ್ಯ ಸಂಗತಿ.

"ಅಕ್ಕೋರೇ, ಆ ಮನ್ಷಾ ಮಳೆಗಾಲ ಬಂತಂದ್ರೆ ನನ್ನ ಶೆಟ್ಲೀಲಿ ಇಲ್ಲದಿದ್ದ ಹಸಿಯನ್ನೂ ಕಳೀತಾ! ಹುಟ್ಟಿದ್ಮೇಲೆ ಒಂದ್ ದಿವ್ಸ ಕಳೀದೆ ಬಿಟ್ಟಂವ ಅಲ್ಲ. ನನ್ನ ಗಂಡನ್ನ ತೂಗೂವಾಗ ಬಾಯ್ ಮುಚ್ಕಂಡ್ ನಿಂತಿದ್ನಾ?" ಗೆರಸಿಯನ್ನು ನೆಲಕ್ಕೆ ಕುಕ್ಕಿದಳು. ಸೀಗಡಿ ಹಾರಿ ಸಾಕ್ಷಿ ಹೇಳಿಕೆಯ ಮೇಲೆ ಬಿತ್ತು.

ನಾನು ತಟ್ಟಿಯ ಮೇಲಿದ್ದ ಉಳಿದ ಹಾಳೆಗಳನ್ನು ಬಾಚಿಕೊಂಡೆ. ಪಾಂಡುಶೇಟನ ಪಾಟೀಸವಾಲಿನ ಹಾಳೆ ಇನ್ನೂ ಅರೆಬರೆ ಒದ್ದೆ. ಅಲ್ಲಿ ಒಂದು ಸಾಲು ಸಿಕ್ಕಿತು: "ಆ ದಿನ ಜೋರು ಮಳೆ ಇತ್ತು. ಚೀಲದಿಂದ ನೀರು ಇಳಿಯುತ್ತಿತ್ತು." ಮಳೆಯಲ್ಲಿ ಮುಖ ಹೇಗೆ ಗುರುತು ಹಿಡಿದೆ ಎಂದು ಕೇಳಲು ಹೋಗಿ ಹಿಂದಿನ ವಕೀಲರು ಹೊರಡಿಸಿದ್ದ ಉತ್ತರ. ಅದನ್ನು ಅವರು ಅಲ್ಲೇ ಬಿಟ್ಟು ಮುಂದೆ ಹೋಗಿದ್ದರು. ಜಪ್ತಿ ಪಟ್ಟಿಯಲ್ಲಿ ಎರಡನೆಯ ಐಟಂ "ಒಂದು ಕ್ಯಾನ್ವಾಸ್ ಚೀಲ". ಅದರ ತೂಕ ಎಷ್ಟು ಎಂದು ಯಾವ ಹಾಳೆಯಲ್ಲೂ ಇಲ್ಲ. ಕೇವಲ ನೂರ ಎಂಬತ್ತು ಗ್ರಾಮಿನ ವ್ಯತ್ಯಾಸ. ನೀರು ಕುಡಿದ ಕ್ಯಾನ್ವಾಸ್ ಚೀಲ ಅದಕ್ಕಿಂತ ಹಗುರವಿರಲು ಸಾಧ್ಯವೇ ಇಲ್ಲ.

ಮರುದಿನ ಗುಲಾಬಿ ಮತ್ತು ನಾನು ಪಾಂಡುಶೇಟನ ಅಂಗಡಿಯಲ್ಲಿದ್ದೆವು. ಅವನು ಸ್ಟೂಲಿನ ಮೇಲೆ ಕೂತು ನೊಣ ಓಡಿಸುತ್ತಿದ್ದ. ಗುಲಾಬಿ ಬೈದದ್ದನ್ನೆಲ್ಲ ನಾನು ಬರೆಯುವುದಿಲ್ಲ, ಅರ್ಧ ಕೊಂಕಣಿಯಲ್ಲಿತ್ತು, ಉಳಿದರ್ಧ ಬರೆಯುವಂಥದ್ದಲ್ಲ. ಅವನು ಎದ್ದು ನಿಂತು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ.

"ನಾ ಸುರುವಿನ ತೂಕ ಕೂಗ್ದೆ, ಗುಲಾಬೀ. ಅವ್ರು ಬರ್ಕಂಡ್ರು. ಈಗ ಯಾರರೂ ಚೀಲದ ಮಾತು ತೆಗೀತ್ರು ಅಂದೇಳಿ ನಾ ಕಾಯ್ತಾ ನಿಂತೆ. ಸಹಿ ಮಾಡು ಅಂದ್ರು. ಪೊಲೀಸ್ರ ಹತ್ರ ಚೌಕಾಸಿ ಮಾಡೂಕಾಗ್ತದಾ ಮಾರಾಯ್ತಿ?"

"ಕೋರ್ಟಲ್ಲರೂ ಹೇಳೂಕಾಗಿತ್ತಲ್ಲ!"

"ಯಾರೂ ಕೇಳ್ಲಿಲ್ಲ. ಕೇಳಿದ್ದಕ್ಕಷ್ಟೇ ಉತ್ರ ಕೊಡು ಅಂದಿದ್ರು."

ಅವನೇ ಒಳಗಿನಿಂದ ಅಂಥದ್ದೇ ಒಂದು ಕ್ಯಾನ್ವಾಸ್ ಚೀಲ ತಂದು, ಅಂಗಡಿಯ ಮಾಡಿನ ನೀರಿಗೆ ಹಿಡಿದು, ತಕ್ಕಡಿಗೆ ಇಟ್ಟ. ಮುನ್ನೂರು ಗ್ರಾಂ ದಾಟಿತು. ಅದನ್ನು ನೋಡಿ ಪಾಂಡುಶೇಟನ ಮುಖ ಸಣ್ಣದಾಯಿತು. ಗುಲಾಬಿಯೂ ಬೈಗುಳ ನಿಲ್ಲಿಸಿದಳು.

ನಾನು ಓಡಿ ಹೋಗಿ ಹೆಗಡೆಯವರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪಾಂಡುಶೇಟನನ್ನು ಧಾರವಾಡಕ್ಕೆ ಕರೆದೊಯ್ದು ನಿಲ್ಲಿಸೋಣ ಎಂದೆ. ಅವರು ಪ್ಲಾಸ್ಟರಿನ ಮೇಲೆ ಬೆರಳು ಬಡಿಯುತ್ತ ಕೇಳಿಸಿಕೊಂಡರು.

"ಅವ ಈಗ ಹೊಸದಾಗಿ ಹೇಳೂ ಮಾತು ಅಲ್ಲಿ ನಡೆಯೂದಿಲ್ಲ. ಬೇಕಾಗೂ ಇಲ್ಲ. ದಾಖಲೆಯಲ್ಲಿ ಎರಡು ಸಾಲು ಇದ್ಯಲ್ಲ, ಚೀಲ ಇಟ್ಟು ತೂಗಿದೆ, ಚೀಲದಿಂದ ನೀರಿಳೀತಿತ್ತು, ಅಷ್ಟೇ ಓದು. ಖಾಲಿ ಚೀಲದ ತೂಕ ಎಲ್ಲಿ ಅಂತ ಕೇಳು. ಕೇಳಿ ಸುಮ್ಮನೆ ನಿಂತ್ಕೋ."

"ಅಷ್ಟೇನಾ?"

"ಸುಮ್ಮನೆ ನಿಂತ್ಕಳೂದು ನಿಂಗೆ ಅಷ್ಟೇ ಅಲ್ಲ ತಂಗೀ. ಅದೇ ನಿಂಗೆ ಕಷ್ಟ."

ವಿಚಾರಣೆಯ ಹಿಂದಿನ ದಿನ ಗುಲಾಬಿ ಮತ್ತು ನಾನು ಅಂಕೋಲೆಯಲ್ಲಿ ಧಾರವಾಡದ ಬಸ್ಸು ಹತ್ತಿದೆವು. ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಘಟ್ಟ ಹತ್ತುವಷ್ಟರಲ್ಲಿ ಬಸ್ಸಿನವರೆಲ್ಲ ಮೂಗು ಅರಳಿಸಿ ಆಚೆಈಚೆ ನೋಡತೊಡಗಿದರು. ಯಲ್ಲಾಪುರ ದಾಟಿದ ಮೇಲೆ ಕಂಡಕ್ಟರ್ ಸಾಲು ಸಾಲಾಗಿ ಮೂಸುತ್ತ ಬಂದು ನಮ್ಮ ಸೀಟಿನ ಹತ್ತಿರ ನಿಂತ. ಘಟ್ಟದ ಮೇಲಿನ ಊರಿನ ಮನುಷ್ಯ.

"ಒಣಮೀನ ತಂದೀರೇನ್ರಿ? ಲಗೇಜ್ ಟಿಕೆಟ್ ತಗೋರಿ ಮತ್ತ."

"ಮೀನಲ್ಲ, ಕೋರ್ಟಿನ ಫೈಲು" ಎಂದು ತೆರೆದು ತೋರಿಸಿದೆ. ಅವನು ಹೈಕೋರ್ಟ್ ಎಂಬ ಅಕ್ಷರ ಓದಿದ, ಇನ್ನೊಮ್ಮೆ ಮೂಸಿದ, "ಎಂಥಾ ಕೇಸ್ ನಡಸ್ತೀರವ್ವಾ ನೀವು" ಎಂದು ಕೈಮುಗಿದು ಮುಂದೆ ಹೋದ. ಗುಲಾಬಿ ಹುಬ್ಬಳ್ಳಿ ಬರುವವರೆಗೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮಧ್ಯಾಹ್ನ ರೋಹಿದಾಸನಿದ್ದ ಧಾರವಾಡದ ಜೈಲಿಗೆ ಹೋದೆವು. ಸಮುದ್ರ ಕಾಣದ ಊರಿನ ಜೈಲು. ಜಾಲರಿಯ ಆಚೆ ಬಂದು ನಿಂತ ರೋಹಿದಾಸ ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ಕತ್ತಿನ ಸುತ್ತ ಕಾಲರು ಸಡಿಲವಾಗಿತ್ತು. ನಾನು ನೇರವಾಗಿ ಕೇಳಿದೆ, ಚೀಲದಲ್ಲಿ ಏನಿದೆಯೆಂದು ಗೊತ್ತಿತ್ತೇ ಎಂದು.

"ಗೊತ್ತಿತ್ತು ಅಕ್ಕೋರೇ. ಹೊಸಾ ರೇನ್‌ಕೋಟು ಕಂಡು ಗೊತ್ತಿಲ್ಲ ಅಂದ್ಕಂಡೆ." ಸ್ವಲ್ಪ ತಡೆದು, "ಅದನ್ನ ಚೀಲಕ್ಕೆ ಹೊದಿಸ್ಬೇಕಾಗಿತ್ತು, ನಾ ಹಾಕ್ಕಂಡೆ. ಅದ್ಕೂ ಇವ್ಳು ಬೈದ್ಲು" ಎಂದ.

"ಹೊದಿಸಿದ್ರೆ ಚೀಲ ನೆನೀತಿರ್ಲಿಲ್ಲ, ನಿನ್ನ ಕೇಸೇ ಒಣಗಿ ಹೋಗ್ತಿತ್ತು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆದರೆ ಆ ಹೊತ್ತಿಗೆ ಅವನ ಗಮನ ಬೇರೆ ಕಡೆ ಹೋಗಿತ್ತು. ನಾನು ಫೈಲ್ ತೆರೆದಿದ್ದೆ. ಅವನು ಜಾಲರಿಗೆ ಮುಖ ಒತ್ತಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ನಮ್ಮನೆ ತಟ್ಟಿದು" ಎಂದ. ಗುಲಾಬಿ ನನ್ನ ಕೈಯಿಂದ ಫೈಲ್ ತೆಗೆದುಕೊಂಡು ಜಾಲರಿಗೆ ತಾಗಿಸಿ ಹಿಡಿದಳು. ಸಮಯ ಮುಗಿಯಿತು ಎಂದು ಗಾರ್ಡ್ ಹೇಳುವವರೆಗೂ ಹಿಡಿದೇ ಇದ್ದಳು. ನಾನು ಆಚೆ ತಿರುಗಿ ಗೋಡೆಯ ಮೇಲಿನ ನಿಯಮಗಳನ್ನು ಓದಿದೆ. ಮೂರು ವರ್ಷವೆಂದರೆ ಎಷ್ಟು ಎಂಬುದು ನನಗೆ ಅಲ್ಲಿ ತಿಳಿಯಿತು.

ಮರುದಿನ ನಮ್ಮ ಕೇಸು ಕರೆದ ಕೂಡಲೇ ಎದ್ದು ನಿಂತೆ. "ಮುಂದಿನ ತಾರೀಖು" ಎಂಬ ಶಬ್ದ ರೂಢಿಬಲದಿಂದ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು, ನುಂಗಿಕೊಂಡೆ. ಅಪರಾಧದ ಬಗ್ಗೆ ನಮ್ಮ ತಕರಾರಿಲ್ಲ, ಶಿಕ್ಷೆಯ ಬಗ್ಗೆ ಮಾತ್ರ ಎಂದೆ. ನ್ಯಾಯಮೂರ್ತಿಗಳು, ಸಣ್ಣ ದಾಖಲೆ, ಇವತ್ತೇ ಪೂರ್ತಿ ಕೇಳಿ ಮುಗಿಸೋಣ ಎಂದರು. ತೂಕದ ಸಾಕ್ಷಿಯ ಹಾಳೆ ತೆಗೆದರೆ ಅವರ ಪ್ರತಿಯಲ್ಲಿ ಅಕ್ಷರ ಮಸುಕಾಗಿತ್ತು.

"ನಿಮ್ಮ ಹತ್ತಿರ ಓದಲು ಬರುವ ಪ್ರತಿ ಇದೆಯೇ?"

ಇತ್ತು. ಅದರಂಥ ಪ್ರತಿ ರಾಜ್ಯದಲ್ಲೇ ಇನ್ನೊಂದಿರಲಿಕ್ಕಿಲ್ಲ. ಹಾಳೆ ಹಿಡಿದು ಮೇಲೆ ಒಯ್ದ ಜವಾನ ದಾರಿಯಲ್ಲೇ ಎರಡು ಸಲ ಸೀನಿದ. ನ್ಯಾಯಮೂರ್ತಿಗಳು ಹಾಳೆಯನ್ನು ಕನ್ನಡಕದ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಏನಿದು ವಾಸನೆ?"

"ಒಣ ಸೀಗಡಿ, ಮೈ ಲಾರ್ಡ್." ನನ್ನ ದನಿ ನನಗೇ ಕೇಳಿಸಲಿಲ್ಲ. "ಫೈಲ್ ಮಳೆಯಲ್ಲಿ ನೆನೆದಿತ್ತು. ಮೀನು ಒಣಗಿಸುವ ತಟ್ಟಿಯ ಮೇಲೆ ಒಣಗಿಸಿದೆವು."

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ನ್ಯಾಯಮೂರ್ತಿಗಳು ನಗಲಿಲ್ಲ. ಹಾಳೆಯನ್ನು ಬೆರಳಲ್ಲಿ ತೂಗಿದಂತೆ ಮಾಡಿ, "ನೆನೆದಾಗ ಭಾರವಿತ್ತೇ?" ಎಂದರು.

ಆ ಕ್ಷಣ ನನ್ನ ಭಯ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. "ಬಹಳ ಭಾರವಿತ್ತು, ಮೈ ಲಾರ್ಡ್. ನಮ್ಮ ವಾದವೂ ಅದೇ" ಎಂದೆ. ಎರಡು ಸಾಲು ಓದಿದೆ. ಜಪ್ತಿ ಪಟ್ಟಿಯ ಎರಡನೆಯ ಐಟಂ ತೋರಿಸಿದೆ. ಖಾಲಿ ಚೀಲದ ತೂಕ ದಾಖಲೆಯಲ್ಲಿ ಎಲ್ಲಿದೆ ಎಂದು ಕೇಳಿದೆ. ಆಮೇಲೆ ಹೆಗಡೆಯವರು ಹೇಳಿದಂತೆ ಬಾಯಿ ಮುಚ್ಚಿಕೊಂಡು ನಿಂತೆ. ನನ್ನ ಜನ್ಮದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

ಸರ್ಕಾರಿ ವಕೀಲರು ಹಾಳೆ ತಿರುವಿದರು, ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಚೀಲ ಸಣ್ಣದು ಎಂದರು. ಎಷ್ಟು ಸಣ್ಣದು ಎಂದು ನ್ಯಾಯಮೂರ್ತಿಗಳು ಕೇಳಿದರು. ಅವರು ಮತ್ತೆ ಮೊದಲಿನಿಂದ ಹಾಳೆ ತಿರುವತೊಡಗಿದರು.

ಊಟದ ಹೊತ್ತಿನೊಳಗೆ ತೀರ್ಪು ಬಂತು. ಅಪರಾಧ ಖಾಯಂ. ಗಾಂಜಾ ಒಂದು ಕಿಲೋ ದಾಟಿತ್ತು ಎಂಬುದು ಸಾಬೀತಾಗಿಲ್ಲ, ಸಂಶಯದ ಲಾಭ ಅಪರಾಧಿಗೆ. ನಾಲ್ಕು ವರ್ಷದ ಶಿಕ್ಷೆಯನ್ನು ಈಗಾಗಲೇ ಅನುಭವಿಸಿದ ಅವಧಿಗೆ ಇಳಿಸಲಾಗಿದೆ, ಬಿಡುಗಡೆ ಮಾಡತಕ್ಕದ್ದು.

ಹೊರಗೆ ಬಂದು ಗುಲಾಬಿಗೆ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ, ನಮ್ಮ ನಡುವೆ ಫೈಲ್ ಮತ್ತೊಮ್ಮೆ ಒದ್ದೆಯಾಯಿತು. ಆಮೇಲೆ ಕಣ್ಣೊರೆಸಿಕೊಂಡು, "ಒಂದ್ ವರ್ಷ ಪೂರ್ತಿ ಆಯ್ತಾ?" ಎಂದಳು.

"ಅವ ಹೊರಗೆ ಬರುವ ದಿನಕ್ಕೆ ಹನ್ನೊಂದು ದಿನ ಕಡಿಮೆ."

"ಹನ್ನೊಂದ್ ದಿನ ಬಿಟ್ರಾ? ಎಂತಕೆ?"

"ಬಿಟ್ಟರು, ಗುಲಾಬಿ. ಸಂತೋಷ ಪಡು."

ಬಸ್ಸಿನಲ್ಲಿ ಅವಳು ಬೆರಳು ಮಡಚಿ ಮಡಚಿ ಹನ್ನೊಂದರವರೆಗೆ ಎಣಿಸುತ್ತಿದ್ದಳು. ಅಂದು ಸಂಜೆ ಅಪ್ಪ ಬದುವಿನ ಮೇಲೆ ನಿಂತು ಕೇಳುವ ಮೊದಲೇ ನಾನು ದೂರದಿಂದ ಕೂಗಿ ಹೇಳಿದೆ. ಅವನು ಗುದ್ದಲಿ ಅಲ್ಲೇ ಬಿಟ್ಟು ಕೆಸರುಗಾಲಲ್ಲೇ ಜಗಲಿಗೆ ಬಂದ. ಆ ರಾದ್ಧಾಂತಕ್ಕೆ ಅಮ್ಮ ಬೈದಳು.

ಎರಡು ದಿನದ ಮೇಲೆ ರೋಹಿದಾಸ ಮನೆಗೆ ಬಂದ. ಬಂದವನಿಗೆ ಒಣ ಬಂಗಡೆ ಸಾರು, ಅನ್ನ, ಹುರಿದ ಸೀಗಡಿ ಬಡಿಸಿ, ಹೊಟ್ಟೆ ತುಂಬಿದ ಮೇಲೆ ಗುಲಾಬಿ ತನ್ನ ತೀರ್ಪು ಓದಿದಳಂತೆ. ಉಳಿದ ಹನ್ನೊಂದು ದಿನದ ಶಿಕ್ಷೆ ಮನೆಯಲ್ಲಿ ಆಗಬೇಕು. ದಿನವೂ ಅವಳ ಬುಟ್ಟಿ ಅವನು ಹೊರಬೇಕು, ತಲೆಯ ಮೇಲೆ, ಕಾರವಾರದ ಪೇಟೆಯ ನಡುವೆ, ಅವಳ ಹಿಂದೆ. ರೇನ್‌ಕೋಟು ಇಲ್ಲ. ಇದರ ಮೇಲೆ ಅಪೀಲೂ ಇಲ್ಲ.

ಹೊಳೆಮೀನು ಸಿಗತೊಡಗಿದ್ದರಿಂದ ಗುಲಾಬಿ ಮತ್ತೆ ಪೇಟೆಗೆ ಹೊರಟಿದ್ದಳು. ಹನ್ನೊಂದೂ ದಿನ ಪೇಟೆಯಲ್ಲಿ ಅದೇ ಸುದ್ದಿ. ನಮ್ಮ ಕೋರ್ಟಿನ ಗುಮಾಸ್ತರು ಕೂಡ ನೋಡಲು ಹೋಗಿ ಬಂದರು. ಮುಂದೆ ಗುಲಾಬಿ ಕೈ ಬೀಸುತ್ತ ನಡೆಯುವುದು, ಹಿಂದೆ ರೋಹಿದಾಸ ಬುಟ್ಟಿಯ ನೀರು ಕತ್ತಿಗೆ ಇಳಿಸಿಕೊಳ್ಳುತ್ತ ಬರುವುದು. ಕಟ್ಟೆಯ ಮೇಲೆ ಕೂತ ಮೀನು ಮಾರುವ ಹೆಂಗಸರು, "ಇವತ್ತು ಎಷ್ಟನೇ ದಿನಾ ರೋಹಿದಾಸಾ?" ಎಂದು ಒಬ್ಬೊಬ್ಬರಾಗಿ ಕೇಳುವುದು. ಅವನು ತಲೆ ತಗ್ಗಿಸುವಂತಿಲ್ಲ, ಬುಟ್ಟಿ ಬೀಳುತ್ತದೆ. ನೆಟ್ಟಗೆ ನೋಡುತ್ತ, "ಆರನೇದು", "ಏಳನೇದು" ಎಂದು ಎಲ್ಲರಿಗೂ ಉತ್ತರ ಕೊಟ್ಟ.

ಹನ್ನೊಂದನೆಯ ದಿನ ನಾನು ಊಟದ ಬಿಡುವಿನಲ್ಲಿ ಹೋದೆ. ಮಾರನೆಯ ದಿನ ನೂಲ ಹುಣ್ಣಿಮೆ, ಪೇಟೆಯಲ್ಲಿ ತೆಂಗಿನಕಾಯಿಯ ರಾಶಿ. ಮಳೆ ನಿಂತು ಹೊಳವಾಗಿತ್ತು. ಅಂದು ಗುಲಾಬಿ ಒಣ ಸೀಗಡಿ ತಂದಿದ್ದಳು. ಪಾಂಡುಶೇಟ ರೋಹಿದಾಸನನ್ನು ಕಂಡು ಸ್ಟೂಲಿನಿಂದ ಅರ್ಧ ಎದ್ದ, ಮತ್ತೆ ಕೂತ. ರೋಹಿದಾಸ ಬುಟ್ಟಿಯನ್ನು ತಲೆಯಿಂದ ಇಳಿಸಿ ತಕ್ಕಡಿಗೆ ಇಟ್ಟ. ಪಾಂಡುಶೇಟ ಎಂದಿನಂತೆ ಗಟ್ಟಿಯಾಗಿ ಕೂಗಿದ: "ಆರು ಕಿಲೋ ನಾನೂರು!"

ಗುಲಾಬಿ ಸೊಂಟಕ್ಕೆ ಕೈ ಇಟ್ಟು ಜಗಳಕ್ಕೆ ಸಿದ್ಧಳಾದಳು. ಅಷ್ಟರಲ್ಲಿ ಅವಳ ಹಿಂದಿನಿಂದ ರೋಹಿದಾಸ ಹೇಳಿದ, "ಬುಟ್ಟಿ ಕಳೀರಿ, ಶೇಟ್ರೇ."

ಆ ಪೇಟೆ ಹುಟ್ಟಿದ ಮೇಲೆ ಮಾರುವವರ ಕಡೆಯಿಂದ ಆ ಮಾತು ಬಂದದ್ದು ಅದೇ ಮೊದಲಿರಬೇಕು. ಹೆಂಗಸರೆಲ್ಲ ತಿರುಗಿ ನೋಡಿದರು. ಗುಲಾಬಿ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಸೆರಗಿನಿಂದ ಅವನ ಕತ್ತಿನ ಬೆವರು ಒರೆಸಿದಳು.

ಅಂದು ಪಾಂಡುಶೇಟ ಬುಟ್ಟಿಯಷ್ಟನ್ನೇ ಕಳೆದ. ಹಸಿ ಕಳೆಯಲಿಲ್ಲ.